ಪರದೇಶದಲ್ಲಿ ಕೂತು ತೀರ್ಥೋದ್ಭವ ನೋಡಲು ಯಾವ ಸಿಮ್? ರೋಮಿಂಗ್, ಅಲ್ಲಿನ ಸಿಮ್, ಇ-ಸಿಮ್ ಮೂರನ್ನೂ ಹಾಕಿ ನೋಡಿದೆ

2025ರ ಅಕ್ಟೋಬರ್ 17. ಮಧ್ಯಾಹ್ನ 1 ಗಂಟೆ 44 ನಿಮಿಷಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ. ಸಿಂಗಾಪುರದಲ್ಲಿ ಆಗ ಸಂಜೆ 4 ಗಂಟೆ 14 ನಿಮಿಷ. ಅಕ್ಕ ಕೆಲಸಕ್ಕೆ ಹೋಗಿದ್ದಳು, ನಾನೂ ಅವ್ವನೂ ಅಲ್ಲಿನ ಬೊಟಾನಿಕ್ ಗಾರ್ಡನ್‌ನಲ್ಲಿ ಒಂದು ಬೆಂಚಿನ ಮೇಲೆ ಕೂತಿದ್ದೆವು. ಇಬ್ಬರ ಮಧ್ಯೆ ಎರಡು ಫೋನು. ಅವ್ವನ ಫೋನಿನಲ್ಲಿ ಊರಿನದೇ ಸಿಮ್, ರೋಮಿಂಗ್ ಪ್ಯಾಕ್ ಹಾಕಿಸಿದ್ದು. ನನ್ನದರಲ್ಲಿ ಸಿಂಗಾಪುರದ ಟೂರಿಸ್ಟ್ ಸಿಮ್. ಎರಡರಲ್ಲೂ ಒಂದೇ ಯೂಟ್ಯೂಬ್ ನೇರ ಪ್ರಸಾರ ಓಡುತ್ತಿತ್ತು.

ಅವ್ವ ಕಾಲು ಗಟ್ಟಿ ಇರುವಷ್ಟು ವರ್ಷ ಭಾಗಮಂಡಲದ ಸಂಗಮದಲ್ಲಿ ಮಿಂದು ತಲಕಾವೇರಿಗೆ ಹೋದವರು. ಆಮೇಲೆ ಮನೆಯ ಟಿವಿ ಮುಂದೆ. ಈಗ ಮೊದಲ ಸಲ ಪರದೇಶದಲ್ಲಿ. ರೆಕಾರ್ಡ್ ಆದದ್ದನ್ನು ರಾತ್ರಿ ನೋಡಬಹುದು ಅಂತ ನಾನು ಹೇಳಿದೆ, ಅವರಿಗೆ ಅದು ಬೇಡ. ಕುಂಡಿಕೆಯಲ್ಲಿ ನೀರು ಉಕ್ಕುವಾಗ ಇಲ್ಲಿ ಕೈ ಮುಗಿದಿರಬೇಕು, ಅಷ್ಟೇ.

ರೋಮಿಂಗ್ ಫೋನು ಮೊದಲು ಚೆನ್ನಾಗಿಯೇ ಓಡುತ್ತಿತ್ತು. ಸರಿಯಾಗಿ ಹೊತ್ತು ಹತ್ತಿರ ಬಂದಾಗ ನಿಂತಿತು. ನಡುವೆ ಒಂದು ಚಕ್ರ ಸುತ್ತುತ್ತಾ ಇದೆ, ಅರ್ಚಕರ ಕೈ ಎತ್ತಿದಲ್ಲೇ ಇದೆ. "ನೀರು ಬಂತಾ?" ಅಂತ ಅವ್ವ ಕೇಳಿದರು. ನಾನು ನನ್ನ ಫೋನನ್ನು ಅವರ ಮುಂದೆ ಹಿಡಿದೆ. ಅದರಲ್ಲಿ ತೀರ್ಥ ಎರಚುತ್ತಿದ್ದರು. ರೋಮಿಂಗ್ ಫೋನು ಒಂದು ನಿಮಿಷದ ಮೇಲೆ ಅಲ್ಲಿಗೆ ತಲುಪಿತು.

ಯಾಕೆ ಹೀಗೆ ಅಂದರೆ, ರೋಮಿಂಗ್‌ನಲ್ಲಿ ಫೋನು ಸಿಂಗಾಪುರದ ಟವರ್ ಹಿಡಿದಿದ್ದರೂ ಡೇಟಾ ಸಾಮಾನ್ಯವಾಗಿ ಭಾರತದಲ್ಲಿರುವ ನಮ್ಮ ಕಂಪನಿಯ ಗೇಟ್‌ವೇವರೆಗೆ ಹೋಗಿ, ಅಲ್ಲಿಂದ ಇಂಟರ್ನೆಟ್ ಸೇರಿ, ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಹೋಗಲು ಮಡಿಕೇರಿ ಸುತ್ತಿಕೊಂಡು ಬಂದ ಹಾಗೆ. ಅಲ್ಲಿನ ಸಿಮ್‌ಗೆ ಈ ಸುತ್ತು ಇಲ್ಲ, ಹತ್ತಿರದ ಸರ್ವರ್‌ನಿಂದಲೇ ವಿಡಿಯೊ ಸಿಗುತ್ತದೆ. ಮೊದಲೇ ಇರುವ ವಿಡಿಯೊ ನೋಡುವಾಗ ಇದು ಗೊತ್ತೇ ಆಗುವುದಿಲ್ಲ, ಯಾಕಂದರೆ ಆಪ್ ಮುಂದಿನ ಭಾಗವನ್ನು ಮೊದಲೇ ತುಂಬಿಸಿಟ್ಟುಕೊಂಡಿರುತ್ತದೆ. ನೇರ ಪ್ರಸಾರದಲ್ಲಿ ಮುಂದಿನದು ಇನ್ನೂ ನಡೆದೇ ಇಲ್ಲವಲ್ಲ, ತುಂಬಿಸಿಡಲು ಏನಿದೆ? ಹಾಗಾಗಿ ಒಂದು ಸಣ್ಣ ಎಡವಟ್ಟಾದರೂ ಚಿತ್ರ ನಿಲ್ಲುತ್ತದೆ.

ಇಷ್ಟು ಓದಿ ರೋಮಿಂಗ್ ಬೇಡ ಅಂತ ತೀರ್ಮಾನ ಮಾಡಬೇಡಿ. ಅದೇ ಸುತ್ತು ದಾರಿಯಿಂದ ದೊಡ್ಡ ಉಪಕಾರವೂ ಉಂಟು. ಇಂಟರ್ನೆಟ್‌ಗೆ ನೀವು ಭಾರತದಲ್ಲೇ ಇದ್ದ ಹಾಗೆ ಕಾಣುತ್ತೀರಿ. ನಾವು ಊರಿನಲ್ಲಿ ಚಂದಾ ಕಟ್ಟಿದ ಒಂದು ಓಟಿಟಿ ಆಪ್ ಸಿಂಗಾಪುರದ ಸಿಮ್‌ನಲ್ಲಿ "ನಿಮ್ಮ ದೇಶದಲ್ಲಿ ಲಭ್ಯವಿಲ್ಲ" ಅಂದಿತು, ಅವ್ವನ ರೋಮಿಂಗ್ ಫೋನಿನಲ್ಲಿ ಮಾಮೂಲಿನಂತೆ ತೆರೆಯಿತು. ಅವ್ವನ ಸಂಜೆಯ ಧಾರಾವಾಹಿ ಹತ್ತು ದಿನವೂ ಆ ಫೋನಿನಲ್ಲೇ ನಡೆಯಿತು. ನೆಟ್‌ಫ್ಲಿಕ್ಸ್ ಎರಡರಲ್ಲೂ ತೆರೆಯುತ್ತದೆ, ಆದರೆ ಇಂಟರ್ನೆಟ್‌ಗೆ ಯಾವ ದೇಶದಲ್ಲಿ ಇದ್ದ ಹಾಗೆ ಕಾಣುತ್ತೀರೋ ಆ ದೇಶದ ಪಟ್ಟಿ ಬರುತ್ತದೆ, ಅರ್ಧ ನೋಡಿ ಬಿಟ್ಟ ಸಿನಿಮಾ ಅಲ್ಲಿನ ಸಿಮ್‌ನಲ್ಲಿ ಇಲ್ಲದೇ ಇರಬಹುದು.

ದುಬೈಯಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಯಿತು. 2025ರ ಏಪ್ರಿಲ್‌ನಲ್ಲಿ ತಮ್ಮನ ಮನೆಗೆ ಹೋಗಿದ್ದೆ, ಆಗಲೇ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬದವರು ನಡೆಸಿದ ಹಾಕಿ ನಮ್ಮೆ, ಅಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬ, 396 ಕುಟುಂಬಗಳ ತಂಡ. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಆದರೆ ಅಲ್ಲಿನ ನೆಟ್‌ವರ್ಕ್‌ನಲ್ಲಿ ವಾಯ್ಸ್ ಕಾಲ್, ವಿಡಿಯೊ ಕಾಲ್‌ಗೆ ತಡೆ ಇದೆ. ಬೊಟಿಮ್‌ನಂಥ ಅನುಮತಿ ಇರುವ ಆಪ್‌ನಲ್ಲೇ ಮಾಡಬೇಕು. ಮೈದಾನದಿಂದ ದೊಡ್ಡಪ್ಪನ ಮಗ ವಿಡಿಯೊ ಕಾಲ್ ಮಾಡಿದಾಗ ತಮ್ಮನ ಫೋನಿನಲ್ಲಿ ಕನೆಕ್ಟ್ ಆಗಲಿಲ್ಲ, ರೋಮಿಂಗ್‌ನಲ್ಲಿದ್ದ ನನ್ನ ಊರಿನ ಸಿಮ್‌ನಲ್ಲಿ ಆಯಿತು. ನಮ್ಮ ಕುಟುಂಬದ ಪಂದ್ಯದ ಕೊನೆಯ ಹತ್ತು ನಿಮಿಷ ಹಾಗೇ ನೋಡಿದೆವು.

ಉಳಿದ ಪಂದ್ಯಗಳಿಗೆ ಯೂಟ್ಯೂಬ್. ಅಲ್ಲಿ ಕಲಿತದ್ದು ಒಂದಿದೆ. ತೀರ್ಥೋದ್ಭವಕ್ಕೆ ವಿಡಿಯೊ ಗುಣಮಟ್ಟ 360ಪಿ ಸಾಕು, ಕ್ಯಾಮೆರಾ ಕುಂಡಿಕೆ ಬಿಟ್ಟು ಹೆಚ್ಚು ಅಲುಗಾಡುವುದಿಲ್ಲ. ಹಾಕಿಗೆ ಅದು ಸಾಲದು. ಎಲ್ಲರೂ ಓಡುವಾಗ ಕಡಿಮೆ ಗುಣಮಟ್ಟದಲ್ಲಿ ಚಿತ್ರ ಕಲಸಿಹೋಗುತ್ತದೆ, ಚೆಂಡು ಎಲ್ಲಿದೆ ಅಂತಲೇ ಕಾಣುವುದಿಲ್ಲ, ಕಾಮೆಂಟರಿ ಕೇಳಿ ಊಹೆ ಮಾಡಬೇಕು. ಹಾಕಿಗೆ ಕನಿಷ್ಠ 720ಪಿ ಇಡಿ.

ಅಲ್ಲಿಗೆ ಡೇಟಾದ ಲೆಕ್ಕ ಬರುತ್ತದೆ. ಸೆಕೆಂಡಿಗೆ 1 ಮೆಗಾಬಿಟ್ ಅಂದರೆ ಗಂಟೆಗೆ 450 ಎಂಬಿ. ಫೋನಿನಲ್ಲಿ 480ಪಿ ಹೆಚ್ಚುಕಡಿಮೆ ಈ ಅಳತೆಯಲ್ಲಿ ಹೋಗುತ್ತದೆ, 720ಪಿ ಅದರ ಎರಡು ಪಟ್ಟಿಗೂ ಜಾಸ್ತಿ, ಗಂಟೆಗೆ 1 ಜಿಬಿ ದಾಟುತ್ತದೆ. ನನ್ನ ರೋಮಿಂಗ್ ಪ್ಯಾಕಿನಲ್ಲಿ ಇದ್ದದ್ದು ಕೆಲವೇ ಜಿಬಿ, ಎರಡು ಪಂದ್ಯಕ್ಕೆ ಬಹುಪಾಲು ಮುಗಿಯಿತು. ಸಿಂಗಾಪುರದ ಸಿಮ್‌ನಲ್ಲಿ ಅದಕ್ಕಿಂತ ಕಡಿಮೆ ದುಡ್ಡಿಗೆ 100 ಜಿಬಿ ಸಿಕ್ಕಿತ್ತು, ನೋಡಿ ನೋಡಿ ಖಾಲಿ ಮಾಡಲು ಆಗಲಿಲ್ಲ. ಬೆಲೆ ತಿಂಗಳಿಗೊಮ್ಮೆ ಬದಲಾಗುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ, ಆದರೆ ಜಿಬಿ ಲೆಕ್ಕದಲ್ಲಿ ನೋಡಿದರೆ ರೋಮಿಂಗ್ ಅಲ್ಲಿನ ಸಿಮ್‌ಗಿಂತ ಎಷ್ಟೋ ಪಟ್ಟು ದುಬಾರಿ. "ಅನ್‌ಲಿಮಿಟೆಡ್" ಅಂತ ಬರೆದಿದ್ದರೆ ಕೆಳಗಿನ ಸಣ್ಣ ಅಕ್ಷರ ಓದಿ. ದಿನಕ್ಕೆ ಇಷ್ಟು ಜಿಬಿ ಆದಮೇಲೆ ವೇಗ ಇಳಿಸುತ್ತೇವೆ ಅಂತ ಇರುತ್ತದೆ, ಆ ವೇಗದಲ್ಲಿ ಮೆಸೇಜ್ ಹೋಗುತ್ತದೆ, ವಿಡಿಯೊ ಹೋಗುವುದಿಲ್ಲ.

ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್, ಹಾಕಿದ್ದು ಮಲೇಷ್ಯಾಕ್ಕಾಗಿ. ಸಿಂಗಾಪುರದಿಂದ ಸೇತುವೆ ದಾಟಿದರೆ ಜೊಹೋರ್ ಬಾರು, ಒಂದು ದಿನಕ್ಕೆ ಹೋಗಿಬರುವಷ್ಟು ಹತ್ತಿರ. ನನ್ನ ಸಿಂಗಾಪುರದ ಸಿಮ್ ಆಚೆ ದಡದಲ್ಲಿ ಕೆಲಸ ಮಾಡಲಿಲ್ಲ. ಎರಡೂ ದೇಶಕ್ಕೆ ಆಗುವ ಇ-ಸಿಮ್ ಮಾತ್ರ ಏನೂ ಮುಟ್ಟದೆ ತಾನೇ ನೆಟ್‌ವರ್ಕ್ ಬದಲಾಯಿಸಿಕೊಂಡಿತು. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಆಯಿತು, ಪಾಸ್‌ಪೋರ್ಟ್ ಹಿಡಿದು ಅಂಗಡಿ ಮುಂದೆ ನಿಲ್ಲುವುದು ತಪ್ಪಿತು. ಆದರೆ ವಿಡಿಯೊ ಮಟ್ಟಿಗೆ ಅದು ಅಲ್ಲಿನ ಸಿಮ್‌ನಷ್ಟು ಚುರುಕು ಇರಲಿಲ್ಲ. ಪ್ರವಾಸಿ ಇ-ಸಿಮ್‌ಗಳಲ್ಲಿ ಕೆಲವು ಡೇಟಾವನ್ನು ಬೇರೆಯೇ ದೇಶದ ಮೂಲಕ ಕಳಿಸುತ್ತವೆ. ನನ್ನದು ಹಾಂಗ್‌ಕಾಂಗ್‌ನಲ್ಲಿದ್ದೇನೆ ಅಂತ ತೋರಿಸುತ್ತಿತ್ತು. ಜಾಹೀರಾತು ಕೂಡ ಅಲ್ಲಿನದೇ. ಹೀಗಾದಾಗ ಊರಿನ ಓಟಿಟಿಯೂ ತೆರೆಯುವುದಿಲ್ಲ, ಅಲ್ಲಿನ ಸಿಮ್‌ನ ವೇಗವೂ ಸಿಗುವುದಿಲ್ಲ. ಮೂರು ನಾಲ್ಕು ದೇಶ ಸುತ್ತುವವರಿಗೆ ಮಾತ್ರ ನಾನು ಇದನ್ನು ಹೇಳುತ್ತೇನೆ. ನಿಮ್ಮ ಫೋನಿಗೆ ಇ-ಸಿಮ್ ಆಗುತ್ತದಾ ಅಂತ ನೋಡಲು *#06# ಒತ್ತಿ, ಇಐಡಿ ಅಂತ ಒಂದು ಉದ್ದ ನಂಬರ್ ಕಂಡರೆ ಆಗುತ್ತದೆ. ಅವ್ವನ ಫೋನಿನಲ್ಲಿ ಅದು ಕಾಣಲಿಲ್ಲ.

ಹೋಟೆಲ್ ವೈಫೈ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಬೆಳಿಗ್ಗೆ ಚೆನ್ನಾಗಿರುತ್ತದೆ, ರಾತ್ರಿ ಎಲ್ಲರೂ ಕೋಣೆಗೆ ಬಂದ ಮೇಲೆ ಸುಮ್ನೆ ಕೂರಬೇಕು.

ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ವಿಮಾನಕ್ಕೆ ಬಹಳ ಒಳ್ಳೆಯದು, ಆದರೆ ನಮ್ಮ ಕಡೆಯವರಿಗೆ ಅದೇ ಕಷ್ಟದ ಕೆಲಸ ಅಲ್ವಾ? ನಮ್ಮ ತೋಟದ ಮನೆಯಲ್ಲಿ ಸಿಗ್ನಲ್ ಬೇಕಾದರೆ ಕಾಫಿ ಕಣದ ಮೂಲೆಗೆ ಹೋಗಬೇಕು, ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಹೊರಡುವ ಮೊದಲು ಗೋಣಿಕೊಪ್ಪದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಒಂದು ರಾತ್ರಿ ಉಳಿದು, ಅವರ ಫೈಬರ್‌ನಲ್ಲಿ ಎಲ್ಲ ಇಳಿಸಿಕೊಂಡೆ. ಇ-ಸಿಮ್ ಕೂಡ ಅಲ್ಲೇ ಹಾಕಿಕೊಂಡೆ, ಯಾಕಂದರೆ ಅದನ್ನು ಇನ್‌ಸ್ಟಾಲ್ ಮಾಡಲು ಇಂಟರ್ನೆಟ್ ಬೇಕೇ ಬೇಕು, ಪರದೇಶದಲ್ಲಿ ಇಳಿದ ಮೇಲೆ ಅದಕ್ಕೇ ಪರದಾಡಬೇಡಿ. ಒಂದು ಎಚ್ಚರ, ಓಟಿಟಿಯಿಂದ ಇಳಿಸಿಕೊಂಡದ್ದಕ್ಕೂ ವಾಯಿದೆ ಇರುತ್ತದೆ, ಪರದೇಶದಲ್ಲಿ ಕೆಲವು ತೆರೆಯುವುದೂ ಇಲ್ಲ.

ಈಗ ನಾನು ಮಾಡುವುದು ಹೀಗೆ. ಊರಿನ ಸಿಮ್ ಮೊದಲ ಸ್ಲಾಟ್‌ನಲ್ಲೇ ಇರುತ್ತದೆ, ರೋಮಿಂಗ್ ಊರಿನಲ್ಲೇ ಆನ್ ಮಾಡಿಸಿಕೊಂಡು ಹೋಗುತ್ತೇನೆ, ಬ್ಯಾಂಕಿನ ಓಟಿಪಿ ಬರಬೇಕಲ್ಲ. ಅದರ ಡೇಟಾ ರೋಮಿಂಗ್ ಮಾತ್ರ ಆಫ್. ಇಳಿದ ತಕ್ಷಣ ಅಲ್ಲಿನ ಸಿಮ್ ಎರಡನೇ ಸ್ಲಾಟ್‌ಗೆ, ವಿಡಿಯೊ ಎಲ್ಲ ಅದರಲ್ಲಿ. ಊರಿನ ಓಟಿಟಿ ಬೇಕೇ ಬೇಕು ಅನ್ನುವವರು ಜೊತೆಗಿದ್ದರೆ ಅವರ ಫೋನಿಗೆ ಮಾತ್ರ ರೋಮಿಂಗ್ ಪ್ಯಾಕ್. ಫೋಟೊ ಬ್ಯಾಕಪ್, ಆಪ್ ಅಪ್‌ಡೇಟ್, ವಾಟ್ಸಾಪ್‌ನಲ್ಲಿ ತಾನಾಗಿ ವಿಡಿಯೊ ಇಳಿಯುವುದು, ಈ ಮೂರನ್ನೂ ಮೊಬೈಲ್ ಡೇಟಾದಲ್ಲಿ ನಿಲ್ಲಿಸಿ. ಮೊದಲ ಸಲ ರೋಮಿಂಗ್‌ನಲ್ಲಿ ನನ್ನ ಅರ್ಧ ಜಿಬಿ ನಾನು ನಿದ್ದೆ ಮಾಡುವಾಗಲೇ ಫೋಟೊ ಬ್ಯಾಕಪ್‌ಗೆ ಹೋಗಿತ್ತು. ವಿಮಾನ, ಹಡಗಿನಲ್ಲಿ ಫೋನು ಫ್ಲೈಟ್ ಮೋಡ್‌ನಲ್ಲೇ ಇರಲಿ, ಅಲ್ಲಿನ ನೆಟ್‌ವರ್ಕ್ ಮಾಮೂಲಿ ರೋಮಿಂಗ್ ಪ್ಯಾಕಿಗೆ ಸೇರುವುದಿಲ್ಲ, ದರವೇ ಬೇರೆ.

ತೀರ್ಥೋದ್ಭವದ ಹೊತ್ತು ವರ್ಷಕ್ಕೆ ಸುಮಾರು 6 ಗಂಟೆ ಮುಂದೆ ಸರಿಯುತ್ತದೆ. 2024ರಲ್ಲಿ ಬೆಳಿಗ್ಗೆ 7.40, 2025ರಲ್ಲಿ ಮಧ್ಯಾಹ್ನ 1.44. ಆ ಲೆಕ್ಕದಲ್ಲಿ ಮುಂದಿನದು ರಾತ್ರಿ ಊಟದ ಹೊತ್ತಿಗೆ, ಸಿಂಗಾಪುರದಲ್ಲಿ ಮಲಗುವ ಹೊತ್ತು. ಅವ್ವ ಆಗ ಊರಿನಲ್ಲೇ ಇರುತ್ತೇನೆ, ಕೈ ಹಿಡಿದಾದರೂ ಮೇಲೆ ಕರೆದುಕೊಂಡು ಹೋಗು ಅಂದಿದ್ದಾರೆ. ಅಲ್ಲಿನ ಜನಜಂಗುಳಿಯಲ್ಲಿ ಫೋನು ಕೆಲಸ ಮಾಡುವುದು ಕಷ್ಟ. ಅದಕ್ಕೆ ನೇರ ಪ್ರಸಾರದ ಲಿಂಕನ್ನು ಮನೆಯಿಂದ ಹೊರಡುವ ಮೊದಲೇ ಅಕ್ಕನಿಗೆ ಕಳಿಸಬೇಕು.