ಉಗುರನ್ನು ಕಣ್ಣಾರೆ ನೋಡದೆ ಹಣ ಹಿಂದಿರುಗಿಸಬೇಡಿ

ನೇಲ್ ಟೆಕ್ನಿಷಿಯನ್ ಆಗಿ ಕೆಲಸ ಮಾಡುವವರು, ಅದರಲ್ಲೂ ಕೆಲಸ, ಲೆಕ್ಕಪತ್ರ, ಮೆಸೇಜು ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವವರು, ದಯವಿಟ್ಟು ಇದನ್ನು ಓದಿ. ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಎಂಟು ವರ್ಷಗಳಿಂದ ಇದೇ ಕೆಲಸದಲ್ಲಿರುವ ನಾನು, ಹೊಸಬರಿಗೆ ಬುದ್ಧಿ ಹೇಳುತ್ತಿದ್ದ ನಾನು, ರಾತ್ರಿ ಬಂದ ಒಂದೇ ಒಂದು ಫೋಟೋವನ್ನು ನಂಬಿ ಪೂರ್ತಿ ಹಣವನ್ನು ವಾಪಸ್ ಕೊಟ್ಟೆ. ಆ ಫೋಟೋದಲ್ಲಿದ್ದದ್ದು ನಾನು ಮಾಡಿದ ಉಗುರೇ ಅಲ್ಲ.

ಆಕೆ ಬೇರೊಬ್ಬ ಗ್ರಾಹಕಿಯ ಪರಿಚಯದಿಂದ ಬಂದವರು. ಎರಡೂ ಕೈಗೆ ಉಗುರನ್ನು ಉದ್ದ ಮಾಡುವ ಜೆಲ್ ಎಕ್ಸ್‌ಟೆನ್ಷನ್, ಗಾಢ ಕೆಂಪು ಬಣ್ಣ, ಎರಡೂ ಉಂಗುರ ಬೆರಳುಗಳ ಮೇಲೆ ಕುಂಚದಿಂದ ಬಿಡಿಸಿದ ಪುಟ್ಟ ಬಿಳಿ ಹೂ ಬೇಕೆಂದರು. ಎರಡೂವರೆ ಗಂಟೆ ಹಿಡಿಯಿತು. ಕ್ಯುಟಿಕಲ್ (ಉಗುರಿನ ಬುಡದ ಚರ್ಮ) ಹಿಂದೆ ಸರಿಸಿ, ಉಗುರಿನ ಮೇಲೆ ಅಂಟಿಕೊಂಡಿದ್ದ ತೆಳು ಚರ್ಮವನ್ನು ಬಿಡಿಸಿ, ಹೊಳಪು ಹೋಗುವಷ್ಟು ಮಾತ್ರ ಬಫ್ ಮಾಡಿ, ಎಣ್ಣೆಯಂಶ ತೆಗೆದು, ಪ್ರೈಮರ್ ಹಚ್ಚಿ, ಕೊನೆಗೆ ತುದಿಯ ಅಂಚನ್ನೂ ಟಾಪ್ ಕೋಟಿನಿಂದ ಮುಚ್ಚಿದ್ದೆ. ಇದನ್ನೆಲ್ಲ ಹೇಳುತ್ತಿರುವುದು ಬಡಾಯಿಗಲ್ಲ. ಎಲ್ಲಿಯೂ ಅವಸರ ಮಾಡಿರಲಿಲ್ಲ ಎಂದು ನನಗೆ ನಾನೇ ಇನ್ನೂ ಹೇಳಿಕೊಳ್ಳಬೇಕಾಗಿ ಬಂದಿದೆ. ಅವಸರ ಮಾಡಿದ್ದು ಒಂದೇ ಕಡೆ. ಮುಂದಿನ ಗ್ರಾಹಕಿ ಬಂದು ಕುಳಿತಿದ್ದರಿಂದ ಮುಗಿದ ಕೆಲಸದ ಫೋಟೋ ತೆಗೆದುಕೊಳ್ಳಲಿಲ್ಲ.

ನಾಲ್ಕನೆಯ ದಿನ ರಾತ್ರಿ ಹನ್ನೊಂದರ ಹತ್ತಿರ ಮೆಸೇಜು ಬಂತು. "ಎರಡು ಉಗುರು ಎದ್ದು ಬಂದಿವೆ. ಇಷ್ಟು ಹಣ ತೆಗೆದುಕೊಂಡು ಮಾಡುವ ಕೆಲಸ ಇದೇನಾ?" ಜೊತೆಗೊಂದು ಫೋಟೋ: ತೋರುಬೆರಳು, ನಡುಬೆರಳು, ಗಾಢ ಕೆಂಪು ಬಣ್ಣ, ಅಂಚಿನಲ್ಲಿ ಲಿಫ್ಟಿಂಗ್, ಅಂದರೆ ಜೆಲ್ ಉಗುರಿನಿಂದ ಬಿಟ್ಟು ಎದ್ದಿತ್ತು. ಉಂಗುರ ಬೆರಳು ಚೌಕಟ್ಟಿನಾಚೆ ಉಳಿದಿತ್ತು. ಅದು ಏಕೆ ಆಚೆ ಉಳಿದಿದೆ ಎಂದು ನಾನು ಆಗ ಯೋಚಿಸಲಿಲ್ಲ. ಯೋಚಿಸದೆಯೇ ಬರೆದುಬಿಟ್ಟೆ: "ಕ್ಷಮಿಸಿ ಮೇಡಂ, ಬಹುಶಃ ನನ್ನಿಂದಲೇ ಏನೋ ತಪ್ಪಾಗಿರಬೇಕು. ನಾಳೆ ಬನ್ನಿ, ಉಚಿತವಾಗಿ ಸರಿಮಾಡಿಕೊಡುತ್ತೇನೆ." ಈ ವಾಕ್ಯವನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಬರಲು ಸಮಯವಿಲ್ಲ ಎಂದರು. ನಿಮಗೆ ಅನುಕೂಲವಾದ ದಿನ ಹೇಳಿ ಎಂದೆ. "ಒಮ್ಮೆ ಹಾಳು ಮಾಡಿದವರ ಮುಂದೆ ಮತ್ತೆ ಕೈ ಚಾಚುವಷ್ಟು ದಡ್ಡಿ ನಾನಲ್ಲ" ಎಂಬ ಉತ್ತರ ಬಂತು. ಹತ್ತೂ ಬೆರಳುಗಳು ಕಾಣುವಂತೆ ಇನ್ನೊಂದು ಫೋಟೋ ಕಳಿಸಬಹುದೇ ಎಂದು ಕೇಳಿದ್ದಕ್ಕೆ, "ಒಂದು ಕಳಿಸಿದ್ದೇನಲ್ಲ, ನನ್ನನ್ನು ಸುಳ್ಳಿ ಎನ್ನುತ್ತಿದ್ದೀರಾ?" ಎಂದು ತಿರುಗಿಬಿದ್ದರು. ನಿಜ ಹೇಳಬೇಕೆಂದರೆ, ನನ್ನನ್ನು ಕೆಡವಿದ್ದು ಈ ಒಂದು ಪ್ರಶ್ನೆ. ಗ್ರಾಹಕರನ್ನು ಅನುಮಾನಿಸಿದೆನಲ್ಲಾ ಎಂದು ನನಗೇ ಕಸಿವಿಸಿಯಾಯಿತು. ಅಷ್ಟರಲ್ಲಿ ಕೊನೆಯ ಮೆಸೇಜು: "ಹಣ ಹಿಂದಿರುಗಿಸುತ್ತೀರೋ, ನಾಲ್ಕು ಜನರಿಗೆ ಗೊತ್ತಾಗುವಂತೆ ಬರೆಯಲೋ, ನೀವೇ ಹೇಳಿ." ಅರ್ಧ ಗಂಟೆಯೊಳಗೆ ಪೂರ್ತಿ ಹಣ ಕಳಿಸಿದೆ. ಉತ್ತರವಾಗಿ ಒಂದು ಹೆಬ್ಬೆಟ್ಟಿನ ಚಿಹ್ನೆ ಬಂತು, ಅಷ್ಟೇ.

ಮರುದಿನ ಬೆಳಿಗ್ಗೆ, ನಾನು ಎಲ್ಲಿ ತಪ್ಪಿದೆ ಎಂದು ತಿಳಿದುಕೊಳ್ಳೋಣವೆಂದು ಅದೇ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಜೆಲ್ ಮುಗಿಯುವ ಗೆರೆಗೂ ಕ್ಯುಟಿಕಲ್‌ಗೂ ನಡುವೆ ಹುಟ್ಟುಗುರು ಬೋಳಾಗಿ ಕಾಣುತ್ತಿತ್ತು, ಕಡಿಮೆಯೆಂದರೂ 3 ಮಿಲಿಮೀಟರ್. ಕೈ ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ನಾಲ್ಕು ದಿನಗಳಲ್ಲಿ ಅರ್ಧ ಮಿಲಿಮೀಟರ್ ಕೂಡ ಆಗುವುದಿಲ್ಲ. ಅಂದರೆ ಅದು ತಿಂಗಳ ಹಿಂದೆ ಇನ್ನಾರೋ ಮಾಡಿದ ಕೆಲಸ, ಬಣ್ಣವೊಂದು ಹೋಲುತ್ತಿತ್ತು. ಗ್ರಾಹಕಿ ಎದುರಿಗೆ ಕುಳಿತು ಕೈ ಮುಂದಿಟ್ಟ ಕೂಡಲೇ, ಆ ಖಾಲಿ ಜಾಗ ನೋಡಿಯೇ "ಮೂರು ವಾರ ಆಯಿತಲ್ಲವೇ?" ಎಂದು ಕೇಳುವವಳು ನಾನು. ದಿನವೂ ನೋಡುವ ಗುರುತು ಅಂದು ರಾತ್ರಿ ನನ್ನ ಕಣ್ಣಿಗೆ ಬೀಳಲಿಲ್ಲ. ಹಣ ಹೋದದ್ದಕ್ಕಿಂತ ಇದೇ ಹೆಚ್ಚು ಉರಿಯುತ್ತದೆ, ಈಗಲೂ ಉರಿಯುತ್ತಿದೆ.

ಕೇಳಿದೆ. ಮೊದಲು, "ಅಯ್ಯೋ, ಗ್ಯಾಲರಿಯಲ್ಲಿ ಹಳೆಯದು ಕೈತಪ್ಪಿ ಆಯ್ಕೆಯಾಗಿರಬೇಕು" ಎಂದರು. ಹಾಗಾದರೆ ಈಗಿನದನ್ನು ಕಳಿಸಿ ಎಂದೆ. "ಎಲ್ಲವನ್ನೂ ಕಿತ್ತು ಹಾಕಿದ್ದೇನೆ." ಆ ಸ್ಥಿತಿಯಲ್ಲೂ ನನಗೆ ಆಕೆಯ ಉಗುರಿನ ಚಿಂತೆಯೇ ಆಯಿತು. ಅಸಿಟೋನಿನಲ್ಲಿ ನೆನೆಸದೆ ಜೆಲ್ಲನ್ನು ಕಿತ್ತರೆ ಉಗುರಿನ ಮೇಲ್ಪದರವೂ ಸುಲಿದು ಬಂದು ಬಿಳಿ ಮಚ್ಚೆಗಳಾಗುತ್ತವೆ, ಒಮ್ಮೆ ತೋರಿಸಿ ಎಂದು ಬರೆದೆ. ಒಂದು ದಿನ ಮೌನ. ಆಮೇಲೆ ಹೊಸ ಕಥೆ: "ಅಲರ್ಜಿಯಾಗಿತ್ತು, ಅದಕ್ಕೇ ತೆಗೆದೆ." ಮೊದಲು ಲಿಫ್ಟಿಂಗ್, ನಂತರ ಕೈತಪ್ಪಿ ಹೋದ ಫೋಟೋ, ನಂತರ ಅಲರ್ಜಿ!

ಅಲರ್ಜಿ ಎಂಬ ಮಾತಿಗೆ ನಾನು ನಿಜಕ್ಕೂ ಬೆದರಿದೆ. ಉಗುರಿನ ಸುತ್ತ ತುರಿಕೆ, ಕೆಂಪು, ಗುಳ್ಳೆ ಎಂದು ಯಾರಾದರೂ ಹೇಳಿದರೆ ವಾದಕ್ಕೆ ಇಳಿಯಬಾರದು, ಮರಳಿ ಜೆಲ್ ಹಾಕಿಕೊಡುತ್ತೇನೆ ಎಂದೂ ಹೇಳಬಾರದು. ಸರಿಯಾಗಿ ತೆಗೆದು ಚರ್ಮದ ವೈದ್ಯರ ಬಳಿಗೆ ಕಳಿಸಬೇಕು. ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಿ, ಅದರಲ್ಲಿರುವ ಹೆಮಾದಂತಹ (HEMA) ಆಕ್ರಿಲೇಟ್ ರಾಸಾಯನಿಕಗಳಿಗೆ ಒಮ್ಮೆ ಅಲರ್ಜಿ ಹುಟ್ಟಿದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಮುಂದೆ ಹಲ್ಲಿನ ಚಿಕಿತ್ಸೆಯಲ್ಲಿ ಬಳಸುವ ಕೆಲವು ವಸ್ತುಗಳಿಗೂ ತೊಂದರೆಯಾಗಬಹುದು. ಹಾಗಾಗಿ ಎರಡು ರಾತ್ರಿ ನಿದ್ದೆಗೆಟ್ಟು ಬಾಟಲಿಗಳ ಮೇಲಿನ ಅಕ್ಷರ ಓದಿದೆ, ಜೆಲ್ ಗಟ್ಟಿಮಾಡುವ ಲ್ಯಾಂಪ್ ಪರೀಕ್ಷಿಸಿದೆ, ಯಾವ ವೈದ್ಯರಿಗೆ ತೋರಿಸಿದಿರಿ ಎಂದು ಎರಡು ಬಾರಿ ಕೇಳಿದೆ. ಉತ್ತರವಿಲ್ಲ.

ಮೂರು ವಾರ ಕಳೆದ ಮೇಲೆ ಆಕೆಯಿಂದಲೇ ಮೆಸೇಜು ಬಂತು. "ಬುಡದಲ್ಲಿ ಗ್ಯಾಪ್ ಕಾಣುತ್ತಿದೆ, ಇನ್‌ಫಿಲ್ ಮಾಡಿಕೊಡುತ್ತೀರಾ? ಹೂ ಹಾಗೆಯೇ ಇರಲಿ, ಎಲ್ಲರೂ ಚೆನ್ನಾಗಿದೆ ಎಂದರು." ಇನ್‌ಫಿಲ್ ಎಂದರೆ ಉಗುರು ಬೆಳೆದು ಬುಡದಲ್ಲಿ ಖಾಲಿಯಾದ ಜಾಗಕ್ಕೆ ಜೆಲ್ ತುಂಬುವುದು. ಜೊತೆಯಲ್ಲಿದ್ದ ಫೋಟೋದಲ್ಲಿ ಹತ್ತೂ ಉಗುರುಗಳಿದ್ದವು. ಕಿತ್ತು ಹಾಕಿದ್ದೇನೆ ಎಂದಿದ್ದ ಅದೇ ಹತ್ತು ಉಗುರುಗಳು, ನನ್ನ ಎರಡು ಬಿಳಿ ಹೂಗಳು, ಒಂದು ದಳವೂ ಅಳಿಸಿರಲಿಲ್ಲ, ಒಂದು ಅಂಚೂ ಎದ್ದಿರಲಿಲ್ಲ. ನಾನು ಆ ಮೆಸೇಜನ್ನು ಮೂರು ಬಾರಿ ಓದಿದೆ. ಯಾರಿಗೆ ಬರೆಯುತ್ತಿದ್ದೇನೆ ಎಂಬುದೇ ಮರೆತು ಹೋಗಿತ್ತೋ, ಅಥವಾ ಇವಳು ಏನೂ ಅನ್ನುವುದಿಲ್ಲ ಎಂಬ ಧೈರ್ಯವೋ, ನನಗೆ ಇಂದಿಗೂ ತಿಳಿದಿಲ್ಲ. ಮೊದಲು ಹಳೆಯ ಕೆಲಸದ ಹಣ ಕೊಡಿ ಎಂದು ಒಂದೇ ಸಾಲು ಬರೆದೆ. "ಕೊಟ್ಟ ಮೇಲೆ ಮತ್ತೆ ಕೇಳುವುದು ನಿಮಗೆ ಶೋಭಿಸುತ್ತದೆಯೇ?" ಎಂದು ನನಗೇ ಬುದ್ಧಿ ಹೇಳಿದರು. ಅದೇ ಸಂಜೆ ಒಂದು ನಕ್ಷತ್ರದ ರಿವ್ಯೂ ಬಂತು, ಅದರೊಂದಿಗೆ ಒಂದು ಸ್ಕ್ರೀನ್‌ಶಾಟ್: "ಬಹುಶಃ ನನ್ನಿಂದಲೇ ಏನೋ ತಪ್ಪಾಗಿರಬೇಕು." ನನ್ನದೇ ವಾಕ್ಯ.

ದೂರು ಹೇಳುವವರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಹಿಂದೊಮ್ಮೆ ನನ್ನ ಲ್ಯಾಂಪಿನ ಶಕ್ತಿ ಕುಂದಿದ್ದಾಗ ಒಂದೇ ವಾರದಲ್ಲಿ ಮೂವರು ಗ್ರಾಹಕರಿಗೆ ಲಿಫ್ಟಿಂಗ್ ಆಗಿತ್ತು. ಮೂವರನ್ನೂ ನಾನೇ ಕರೆದು, ಎಲ್ಲವನ್ನೂ ತೆಗೆದು, ಹೊಸದಾಗಿ ಮಾಡಿಕೊಟ್ಟೆ. ಅವರಲ್ಲಿ ಯಾರೂ ಹಣದ ಮಾತೆತ್ತಲಿಲ್ಲ. ಅವರಿಗೆ ಬೇಕಾಗಿದ್ದದ್ದು ಉಗುರು.

ಆದ್ದರಿಂದ ಗ್ರಾಹಕಿ ಕುರ್ಚಿಯಿಂದ ಏಳುವ ಮೊದಲು ಎರಡೂ ಕೈಗಳ ಫೋಟೋ ತೆಗೆಯಿರಿ, ಮುಂದಿನವರು ಎಷ್ಟೇ ಗೊಣಗಲಿ. ಉಚಿತ ದುರಸ್ತಿ ಎಷ್ಟು ದಿನಗಳೊಳಗೆ ಎಂಬುದನ್ನು, ಉಗುರನ್ನು ತಂದು ತೋರಿಸಿದ ಮೇಲೆಯೇ ಎಂಬುದನ್ನು ಬುಕಿಂಗ್ ಸಮಯದಲ್ಲಿಯೇ ಬರೆದು ಕಳಿಸಿ. ನಾನೀಗ ಏಳು ದಿನ ಎಂದು ಬರೆಯುತ್ತಿದ್ದೇನೆ. ರಾತ್ರಿಯ ಮೆಸೇಜಿಗೆ ರಾತ್ರಿಯೇ ಉತ್ತರಿಸಬೇಡಿ. ಉತ್ತರಿಸುವಾಗ "ತೊಂದರೆಯಾದದ್ದಕ್ಕೆ ಬೇಸರವಾಯಿತು, ನೋಡಿದ ಮೇಲೆ ಹೇಳುತ್ತೇನೆ" ಎಂಬುದಕ್ಕಿಂತ ಒಂದಕ್ಷರವೂ ಹೆಚ್ಚು ಬರೆಯಬೇಡಿ. ಫೋಟೋ ಬಂದರೆ ಬಣ್ಣ ನೋಡಬೇಡಿ, ಬುಡ ನೋಡಿ.

ಆ ರಿವ್ಯೂ ಇನ್ನೂ ಹಾಗೆಯೇ ಇದೆ. ಅದರ ಕೆಳಗೆ, ಹೆಸರನ್ನು ಮರೆಮಾಡಿ, ಇನ್‌ಫಿಲ್ ಕೇಳಿದ ಆಕೆಯ ಮೆಸೇಜನ್ನು ದಿನಾಂಕ ಕಾಣುವಂತೆ ಹಾಕಿದ್ದೇನೆ.