ಎರಡೂ ಬೆಳೆಗೆ ಒಂದೇ ಎಣ್ಣೆ ನಡೀತದೆ ಅಂದರೆ ನಂಬಬೇಡಿ

ಮೆಕ್ಕೆಜೋಳದ ಸಾಲಿನ ನಡುವೆ ಸೋಯಾ ಹಾಕಿದವರು ಕಳೆ ಎಣ್ಣೆ, ಅಂದರೆ ಕಳೆನಾಶಕ, ಹೊಡೆಯುವ ಮೊದಲು ಇದನ್ನು ಓದಿ. ಮೆಕ್ಕೆಜೋಳ ಕಿತ್ತು ಹಿಂಗಾರಿಗೆ ಕಡಲೆ ಬಿತ್ತುವವರೂ ಓದಿ. ನನಗೆ ಒಂದೇ ಎಣ್ಣೆಯಿಂದ ಎರಡು ಸಲ ಪೆಟ್ಟು ಬಿತ್ತು.

ನಮ್ಮದು ಯಲಬುರ್ಗಾ ತಾಲ್ಲೂಕು. ಎರೆ ಹೊಲ, ಮಳೆಯೇ ಗತಿ. ಹೋದ ವರ್ಷ ಧಾರವಾಡದ ಕಡೆಯ ನಮ್ಮ ಭಾವ "ಮೆಕ್ಕೆಜೋಳದಾಗ ಸೋಯಾ ಅಕ್ಕಡಿ ಹಾಕಿ ನೋಡು, ಭೂಮಿಗೂ ಚಲೋ" ಅಂದರು. ಮಿರಗದ ಮಳೆಗೆ 2 ಎಕರೆ ಬಿತ್ತಿದೆ. ಎರಡೂ ಚೆನ್ನಾಗಿ ನಾಟಿದವು. ಆಮೇಲೆ ಆರಿದ್ರಾದಲ್ಲಿ ಜಡಿ ಮಳೆ ಹಿಡಿಯಿತು. ಹೊಲಕ್ಕೆ ಎತ್ತು ಇಳಿಸಲು ಆಗಲಿಲ್ಲ. 20 ದಿನಕ್ಕೆ ನೋಡಿದರೆ ಸೋಯಾಗಿಂತ ಕಳೆಯೇ ಎತ್ತರ.

"ನೆಲ ಹದಕ್ಕ ಬರ್ಲಿ ತಡಿ, ಎಡಿ ಹೊಡಿಯೂಣಂತ" ಅಂದಳು ಅವ್ವ. ಎಡೆ ಅಂದರೆ ಸಾಲಿನ ನಡುವೆ ಎತ್ತಿನಿಂದ ಕುಂಟೆ ಎಳೆದು ಕಳೆ ತೆಗೆಯುವುದು. ನಾನು ಆಳಿನ ಕೂಲಿ ಲೆಕ್ಕ ಹಾಕಿ ಗೊಬ್ಬರದ ಅಂಗಡಿಗೆ ಹೋದೆ.

ಹೊಲದಲ್ಲಿ ಎರಡೂ ಬೆಳೆ ಇವೆ ಅಂತ ಅಂಗಡಿಯವನಿಗೆ ಎರಡು ಸಲ ಹೇಳಿದ್ದೇನೆ. "ಎರಡಕ್ಕೂ ನಡೀತೈತ್ರಿ ಅಣ್ಣಾರ, ಕಳೆ ಅಷ್ಟ ಸಾಯ್ತೈತಿ" ಅಂದ. ಟೆಂಬೊಟ್ರಿಯೋನ್ ಡಬ್ಬಿ ಕೊಟ್ಟ, ಜತೆಗೆ ಅಟ್ರಾಜಿನ್ ಪುಡಿ. ಎಕರೆಗೆ ಅರ್ಧ ಕಿಲೋ ಪುಡಿ ಸಾಕಿತ್ತು. ಕಳೆ ಜಾಸ್ತಿ ಇದೆ ಅಂತ ಒಂದೊಂದು ಕಿಲೋ ಹಾಕಿಸಿದ. ನಾನು ಅನುಮಾನ ಪಟ್ಟಾಗ ಡಬ್ಬಿ ಮೇಲಿನ ತ್ರಿಕೋನ ತೋರಿಸಿ, "ಕೆಂಪು ಇಲ್ಲಲ್ರೀ, ಏನೂ ಆಗಂಗಿಲ್ಲ" ಅಂದ. ಆ ಬಣ್ಣ ಮನುಷ್ಯರಿಗೆ ಅದೆಷ್ಟು ವಿಷ ಅಂತ ಹೇಳುತ್ತದೆ ಅಷ್ಟೇ. ಯಾವ ಬೆಳೆಗೆ ಆಗುತ್ತೆ, ಯಾವುದಕ್ಕೆ ಆಗಲ್ಲ ಅನ್ನೋದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಹೊಡೆದ 4ನೇ ದಿನ ಸೋಯಾದ ಸುಳಿ ಬೆಳ್ಳಗಾಯಿತು. ಸುಣ್ಣ ಚೆಲ್ಲಿದ ಹಾಗೆ. ಆಮೇಲೆ ಎಲೆಯ ಅಂಚು ಸುಟ್ಟುಕೊಂಡು ಬಂತು. 12 ದಿನಕ್ಕೆ ಹೊಲ ಎಷ್ಟು ಸ್ವಚ್ಛ ಆಗಿತ್ತು ಅಂದರೆ, ಕಳೆಯೂ ಇಲ್ಲ, ಸೋಯಾನೂ ಇಲ್ಲ. ಮೆಕ್ಕೆಜೋಳಕ್ಕೆ ಮಾತ್ರ ಏನೂ ಆಗಿರಲಿಲ್ಲ, ಅದರ ಪಾಡಿಗೆ ಅದು ಬೆಳೆಯುತ್ತಿತ್ತು.

ಒಣಗಿದ ನಾಲ್ಕು ಗಿಡ ಕಿತ್ತು ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದೆ. ನೋಡಿದ ತಕ್ಷಣ ಹೇಳಿದರು. ಅಟ್ರಾಜಿನ್ ಒಳಗೆ ಹೋದರೆ ಮೆಕ್ಕೆಜೋಳ ಅದನ್ನು ಮುರಿದು ಅರಗಿಸಿಕೊಳ್ಳುತ್ತದೆ, ಸೋಯಾಗೆ ಆ ಶಕ್ತಿ ಇಲ್ಲ. ಸುಳಿ ಬೆಳ್ಳಗಾಗಿದ್ದು ಟೆಂಬೊಟ್ರಿಯೋನ್ ಕೆಲಸ. ಹೋಗಲಿ, ಸೋಯಾಗೆ ಹೊಡೆಯುವ ಎಣ್ಣೆಯನ್ನೇ ತರಬಹುದಿತ್ತಲ್ವಾ ಅಂತ ಕೇಳಿದೆ. ಸೋಯಾಗೆ ಹೆಚ್ಚಾಗಿ ಕೊಡುವುದು ಇಮಾಜೆಥಪೈರ್. ಅದನ್ನು ಹೊಡೆದಿದ್ದರೆ ಸೋಯಾ ಉಳಿದು ಮೆಕ್ಕೆಜೋಳ ಹೋಗುತ್ತಿತ್ತಂತೆ! ಒಂದು ಹುಲ್ಲಿನ ಜಾತಿ, ಇನ್ನೊಂದು ಕಾಳಿನ ಜಾತಿ. ಇಬ್ಬರನ್ನೂ ಒಟ್ಟಿಗೆ ಹಾಕಿದ ಮೇಲೆ ಪೆಂಡಿಮೆಥಾಲಿನ್ ಥರದ್ದನ್ನು ಬಿತ್ತಿದ ಎರಡು ಮೂರು ದಿನದೊಳಗೆ, ಮೊಳಕೆ ಹೊರಗೆ ಬರುವ ಮುಂಚೆ, ನೆಲ ಹಸಿ ಇರುವಾಗ ಹೊಡೆಯಬೇಕು. ಆಮೇಲೆ ಎಡೆಕುಂಟೆಯೇ ಗತಿ. ಅವ್ವ ಹೇಳಿದ್ದೂ ಅದನ್ನೇ.

ಅಂಗಡಿಯವನ ಹತ್ತಿರ ಹೋದೆ. "ನಾ ಹಂಗ ಹೇಳೇ ಇಲ್ಲ" ಅಂದ. ನನ್ನ ಕೈಯಲ್ಲಿ ಬಿಳಿ ಚೀಟಿಯಲ್ಲಿ ಬರೆದ ಮೊತ್ತ ಬಿಟ್ಟರೆ ಏನೂ ಇರಲಿಲ್ಲ. ಪಕ್ಕಾ ಬಿಲ್ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಡಬ್ಬಿಯನ್ನೂ ಎಸೆದಿದ್ದೆ. ಯಾರ ಹತ್ತಿರ ಏನಂತ ದೂರು ಕೊಡುವುದು? ಡಬ್ಬಿ ಜತೆ ಮಡಚಿ ಇಟ್ಟಿರುವ ಕಾಗದದಲ್ಲಿ ಯಾವ ಬೆಳೆಗೆ, ಎಷ್ಟು ಅಂತ ಕನ್ನಡದಲ್ಲೂ ಬರೆದಿರುತ್ತಾರೆ. ನಾನು ಅದನ್ನು ಬಿಚ್ಚಿಯೂ ನೋಡಿರಲಿಲ್ಲ. ಇದು ನನ್ನ ತಪ್ಪೇ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮೆಕ್ಕೆಜೋಳ ರಾಶಿ ಮಾಡಿದೆ, ಇಳುವರಿ ಪರವಾಗಿಲ್ಲ. ಸೋಯಾದ ನಷ್ಟ ಕಡಲೆಯಲ್ಲಿ ತುಂಬಿಕೊಳ್ಳೋಣ ಅಂತ ಚಿತ್ತಿ ಮಳೆಯ ಹಸಿಗೆ ಅದೇ 2 ಎಕರೆಗೆ 50 ಕಿಲೋ ಬೀಜ ಹಾಕಿದೆ. ಹುಟ್ಟುವಾಗ ಒಂದು ಕಾಳೂ ತಪ್ಪಲಿಲ್ಲ. ಮೂರನೇ ವಾರಕ್ಕೆ ಕೆಳಗಿನ ಎಲೆಗಳ ಅಂಚು ಹಳದಿಯಾಗಿ ಸುಡತೊಡಗಿತು. ನಾನು ಗಿಡ ಒಣಗಿಸುವ ಸಿಡಿ ರೋಗ ಅಂದುಕೊಂಡು ಅದಕ್ಕೊಂದು ಔಷಧಿ ಬೇರೆ ಹೊಡೆದೆ, ಸುಮ್ನೆ ದುಡ್ಡು ದಂಡ.

ಆಮೇಲೆ ಹೊಲ ಸುತ್ತುವಾಗ ಗಮನಿಸಿದೆ. ಬದುವಿನ ಪಕ್ಕ ಮುಂಗಾರಿನಲ್ಲಿ ಎಣ್ಣೆ ಬೀಳದ ಮೂರು ಸಾಲಿನಲ್ಲಿ ಕಡಲೆ ಹಸಿರಾಗಿ ನಿಂತಿದೆ. ಪಂಪು ಹಿಡಿದು ತಿರುಗುತ್ತಿದ್ದ ತುದಿಗಳಲ್ಲಿ, ಎರಡೆರಡು ಸಲ ಬಿದ್ದ ಜಾಗದಲ್ಲಿ, ಒಂದು ಗಿಡವೂ ಇಲ್ಲ. ನಾನು ಹೊಡೆದ ದಾರಿಯ ನಕ್ಷೆಯನ್ನೇ ಕಡಲೆ ಬಿಡಿಸಿ ಇಟ್ಟಿತ್ತು.

ಅಟ್ರಾಜಿನ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಎರೆ ಮಣ್ಣಿನ ಥರ ಕ್ಷಾರದ ನೆಲದಲ್ಲಿ ಅದು ಕರಗುವುದು ಇನ್ನೂ ನಿಧಾನ, ಮಳೆ ಕೈಕೊಟ್ಟು ನೆಲ ಒಣಗಿದರೆ ಇನ್ನೂ ನಿಧಾನ. ಅದರ ಮೇಲೆ ನಾನು ಡಬಲ್ ಹಾಕಿದ್ದೆ. ಪಕ್ಕದ ಹೊಲದ ಕಾಕಾನೂ ಮೆಕ್ಕೆಜೋಳಕ್ಕೆ ಅಟ್ರಾಜಿನ್ ಹೊಡೆದವರೇ. ಆದರೆ ಅವರು ಹಿಂಗಾರಿಗೆ ಬಿಳಿಜೋಳ ಹಾಕಿದರು, ಏನೂ ಆಗಲಿಲ್ಲ. ಜೋಳ ಅದನ್ನು ತಡೆದುಕೊಳ್ಳುತ್ತದೆ. ಕಡಲೆ, ಹೆಸರು, ಸೋಯಾದಂಥ ಕಾಳಿನ ಬೆಳೆಗಳಿಗೇ ತೊಂದರೆ.

ಈ ವರ್ಷ ಮೆಕ್ಕೆಜೋಳ ಒಂದನ್ನೇ ಹಾಕಿದೆ. ಪೆಂಡಿಮೆಥಾಲಿನ್ ಒಂದು ಸಲ, ಎಡೆ ಎರಡು ಸಲ. ಆದರೂ ಹೋದ ವರ್ಷದ ಪುಡಿ ಪೂರ್ತಿ ಹೋಗಿದೆಯೋ ಇಲ್ಲವೋ ಅಂತ ನೋಡಲು, ಗಂಗಾವತಿಯಲ್ಲಿ ಹೇಳಿಕೊಟ್ಟ ಹಾಗೆ ಎರಡು ಒಡೆದ ಬಕೆಟ್ ತಂದಿಟ್ಟಿದ್ದೇನೆ. ಒಂದರಲ್ಲಿ ಹೊಲದ ಐದಾರು ಕಡೆಯ ಮೇಲ್ಮಣ್ಣು, ಇನ್ನೊಂದರಲ್ಲಿ ಎಣ್ಣೆ ಬೀಳದ ಬದುವಿನ ಮಣ್ಣು. ಎರಡರಲ್ಲೂ ಹತ್ತತ್ತು ಕಡಲೆ. ಅವ್ವ ನೀರು ಹಾಕುತ್ತಾಳೆ. ಇವತ್ತಿಗೆ 12 ದಿನ, ಎರಡೂ ಬಕೆಟ್ ಹಸಿರಾಗಿವೆ. ಇನ್ನೂ ಹತ್ತು ದಿನ ನೋಡುತ್ತೇನೆ. ಅಲ್ಲಿಯವರೆಗೆ ಕಡಲೆಗೆ ಕೂರಿಗೆ ಹೂಡುವುದಿಲ್ಲ.