ಸೈಕಾಲಜಿ ಓದಲು ಹೊರದೇಶಕ್ಕೆ: ಹಾಸನದ ಒಂದು ಕನ್ಸಲ್ಟೆನ್ಸಿಯ ಸೇವೆ ಹೇಗಿದೆ?

ವೀಸಾ ಕೆಲಸಕ್ಕೆ ಈ ಕಚೇರಿಯನ್ನು ಧಾರಾಳವಾಗಿ ನಂಬಬಹುದು. ಕೋರ್ಸ್ ಆರಿಸಿಕೊಳ್ಳುವ ಕೆಲಸವನ್ನು ಮಾತ್ರ ಅವರ ಕೈಗೆ ಕೊಡಬೇಡಿ.

ಬ್ರಿಟನ್ ವೀಸಾಗೆ ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ನಡುವೆ ಒಂದು ದಿನ ಕಡಿಮೆಯಾದರೂ ಅರ್ಜಿ ಬಿದ್ದುಹೋಗಬಹುದು. ಇಲ್ಲಿನ ಸಿಬ್ಬಂದಿ ಬ್ಯಾಂಕ್ ಸ್ಟೇಟ್‌ಮೆಂಟನ್ನು ಸಾಲುಸಾಲಾಗಿ ಓದಿ ಅಂಥದ್ದನ್ನು ಮೊದಲೇ ಹಿಡಿಯುತ್ತಾರೆ. ಬೆಂಗಳೂರಿಗೆ ಹೋಗಿ ಟಿಬಿ ತಪಾಸಣೆ ಮಾಡಿಸಬೇಕು, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಎರಡೇ ವರ್ಷ ನಡೆಯುತ್ತದೆ ಎಂಬುದನ್ನೆಲ್ಲ ಕೇಳದೆಯೇ ಹೇಳುತ್ತಾರೆ.

ಕೋರ್ಸ್ ವಿಷಯಕ್ಕೆ ಬಂದರೆ ಟೈಅಪ್ ಇರುವ ವಿಶ್ವವಿದ್ಯಾಲಯಗಳ ಪಟ್ಟಿಯೇ ಮುಂದೆ ಬರುತ್ತದೆ. ಕಮಿಷನ್ ಬರುವುದು ಅಲ್ಲಿಂದಲೇ. ಬ್ರಿಟನ್ನಿನ ಕೋರ್ಸಿಗೆ ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘವಾದ ಬಿಪಿಎಸ್‌ನ ಮಾನ್ಯತೆ, ಆಸ್ಟ್ರೇಲಿಯಾದ್ದಕ್ಕೆ ಅಲ್ಲಿನ ಸೈಕಾಲಜಿ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಎಪಿಎಸಿಯ ಮಾನ್ಯತೆ ಇದೆಯೇ ಎಂದು ನೀವೇ ಆಯಾ ಸಂಸ್ಥೆಯ ಪಟ್ಟಿಯಲ್ಲಿ ನೋಡಿಕೊಳ್ಳಿ. ಬಿಕಾಂ ಮುಗಿಸಿದವರಿಗೆ ಇವರು ತೋರಿಸುವ ಕನ್ವರ್ಷನ್ ಎಂಎಸ್ಸಿ (ಬೇರೆ ವಿಷಯದ ಪದವೀಧರರು ಸೈಕಾಲಜಿಗೆ ಬರಲು ಇರುವ ಕೋರ್ಸ್) ಒಳ್ಳೆಯ ದಾರಿಯೇ, ಆದರೆ ಅದು ಮುಂದಿನ ತರಬೇತಿಗೆ ತಳಹದಿ ಅಷ್ಟೇ. ಊರಿಗೆ ಮರಳಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಲು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಬೇಕು. ಹೊರಗಿನ ಎಂಎಸ್ಸಿಯೊಂದನ್ನೇ ತೋರಿಸಿದರೆ ಅದು ಸಿಗದು. ಲಕ್ಷಗಟ್ಟಲೆ ಸಾಲ ಮಾಡುವ ಮನೆಯವರಿಗೆ ಇದನ್ನು ಮೊದಲ ದಿನವೇ ಹೇಳದಿರುವುದು ಈ ಸೇವೆಯ ದೊಡ್ಡ ಕೊರತೆ.

ಎರಡನೆಯ ಕೊರತೆ 'ಬಹುಸಂಸ್ಕೃತಿಯ ಅನುಭವ' ಎಂಬ ಭರವಸೆಯದು. ತರಗತಿಯಲ್ಲಿ ಹತ್ತು ದೇಶದವರು ಕೂತ ಮಾತ್ರಕ್ಕೆ ಆ ದೃಷ್ಟಿ ಬರುವುದಿಲ್ಲ. ಮನಶ್ಶಾಸ್ತ್ರದ ಸಂಶೋಧನೆ ಬಹುಪಾಲು ಪಶ್ಚಿಮದ ಓದಿದ, ಉಳ್ಳ ಸಮಾಜಗಳ ಜನರನ್ನೇ ನೋಡಿ ನಡೆದಿದೆ ಎಂದು ಹೆನ್ರಿಕ್, ಹೈನ್, ನೊರೆನ್‌ಜಯಾನ್ ಎಂಬ ಸಂಶೋಧಕರು 2010ರಲ್ಲೇ ಎತ್ತಿ ತೋರಿಸಿದ್ದಾರೆ. ಅದೇ ಸಿಲೆಬಸ್ ಓದಿದರೆ ದೇಶ ಬದಲಾದರೂ ಪಾಠ ಬದಲಾಗದು. ಹಾಗಾಗಿ ಮಾಡ್ಯೂಲ್ ಪಟ್ಟಿ, ಅಂದರೆ ಕೋರ್ಸಿನಲ್ಲಿರುವ ಪಾಠವಿಷಯಗಳ ಪಟ್ಟಿ ತರಿಸಿಕೊಳ್ಳಿ. ಬೇರೆ ಬೇರೆ ಸಂಸ್ಕೃತಿಗಳ ಮನಸ್ಸನ್ನು ಹೋಲಿಸಿ ನೋಡುವ ಕ್ರಾಸ್ ಕಲ್ಚರಲ್ ಸೈಕಾಲಜಿ ಕಡ್ಡಾಯವೋ ಐಚ್ಛಿಕವೋ? ಐಚ್ಛಿಕವಾದರೆ ನೀವು ಸೇರುವ ವರ್ಷ ಅದು ನಡೆಯುತ್ತದೆಯೇ? ಪ್ಲೇಸ್‌ಮೆಂಟ್ (ಓದಿನ ಭಾಗವಾಗಿ ಮಾಡುವ ಕೆಲಸದ ತರಬೇತಿ) ಇದ್ದರೆ ವಲಸೆ ಬಂದವರ ನಡುವೆ ಕೆಲಸ ಸಿಗುತ್ತದೆಯೇ? ಇವಕ್ಕೆ ವಿಶ್ವವಿದ್ಯಾಲಯದಿಂದ ಇಮೇಲಿನಲ್ಲಿ ಉತ್ತರ ಬರಬೇಕು, ಕೌನ್ಸೆಲರ್ ಬಾಯಿಮಾತು ಸಾಲದು.

ಎಸ್‌ಒಪಿಯನ್ನು, ಅಂದರೆ ಏಕೆ ಓದಬೇಕೆಂದು ಅರ್ಜಿಯ ಜೊತೆ ಕೊಡುವ ಬರಹವನ್ನು, ಇಲ್ಲಿ ಅಚ್ಚು ಹಾಕಿದಂತೆ ಬರೆದುಕೊಡುತ್ತಾರೆ. 'ಬಾಲ್ಯದಿಂದಲೂ ಮನುಷ್ಯರ ಮನಸ್ಸಿನ ಬಗ್ಗೆ ಕುತೂಹಲ' ಎಂಬ ಸಾಲು ಕಂಡರೆ ಹೊಡೆದುಹಾಕಿ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್ ಮನೆಗಳಲ್ಲಿ ಬೇರೆ ಬೇರೆ ಭಾಷೆಯ ಕೂಲಿಯವರಿದ್ದಾರೆ. ಮನಸ್ಸಿನ ಸಂಕಟವನ್ನು ತಲೆನೋವು, ಎದೆಯುರಿ ಎಂದು ಹೇಳಿಕೊಳ್ಳುವವರು ಅವರಲ್ಲೂ ಉಂಟು. ಪಶ್ಚಿಮದ ಪ್ರಶ್ನಾವಳಿ ಅವರನ್ನು ಎಷ್ಟು ತಲುಪುತ್ತದೆ ಎಂದು ಒಂದು ಪ್ಯಾರಾ ಬರೆದರೆ, ಪ್ರವೇಶ ಸಮಿತಿಗೆ ನಿಮ್ಮ ಗುರಿ ತಿಳಿಯುತ್ತದೆ.

ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಅಧಿಕೃತ ದಾಖಲೆ) ಇವರು ತರಿಸಿಕೊಡುವುದಿಲ್ಲ. ಮೈಸೂರು ವಿ.ವಿ. ಅಡಿ ಓದಿದ ಹಾಸನದವರು ಮೈಸೂರಿಗೆ, ಕುವೆಂಪು ವಿ.ವಿ. ಅಡಿ ಓದಿದ ಚಿಕ್ಕಮಗಳೂರಿನವರು ಶಂಕರಘಟ್ಟಕ್ಕೆ ಅರ್ಜಿ ಹಾಕಬೇಕು. ಕೊನೆಯ ಸೆಮಿಸ್ಟರ್ ಅಂಕಪಟ್ಟಿ ಬಂದ ವಾರವೇ ಹಾಕಿ. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇದ್ದು ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದಿದ್ದರೆ, ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ನೋಟರಿಯಿಂದ ಮಾಡಿಸಿ ಜೊತೆಗಿಟ್ಟುಕೊಳ್ಳಿ.